ಮೈಕಿನಲ್ಲಿ ಕೂಗಿದ ಹೆಸರು

ಅದು ಬಾಯಿತಪ್ಪಿ ಬಂದ ಮಾತಲ್ಲ, ಗಿರಿಜಾ. ತುರುವೇಕೆರೆಯ ಮೈದಾನದಲ್ಲಿ, ಅಷ್ಟು ಜನರ ಮುಂದೆ ನಿನ್ನ ಹೆಸರನ್ನೂ ಊರನ್ನೂ ನಾನು ಮೈಕಿನಲ್ಲಿ ಕೂಗಿದ್ದು — ಬೇಕೆಂದೇ.

ಮನೆಗಳಿಗೆ ಕೇಬಲ್ ಟಿವಿ ಆಗತಾನೇ ಬರುತ್ತಿದ್ದ ಕಾಲ. ನಮ್ಮ ಮರಣಬಾವಿಯ ಆಟಕ್ಕೆ ಇನ್ನೂ ಜನ ಮುಗಿಬೀಳುತ್ತಿದ್ದರು. ಆ ಹಲಗೆ ಬಾವಿಯ ಗೋಡೆಯ ಮೇಲೆ ಆರು ವರ್ಷ ಬೈಕ್ ಓಡಿಸಿದವನು ನಾನು. ಬಿದ್ದು ಮೊಣಕಾಲು ಹೋಯಿತು. ಮಾಲೀಕ ನನ್ನ ಕೈಗೆ ಮೈಕ್ ಕೊಟ್ಟ, ನನ್ನ ಬೈಕನ್ನು ನಿನಗೆ ಕೊಟ್ಟ. ಕಲಿಸಿದವನೂ ನಾನೇ. ನೀನು ಎರಡೂ ಕೈ ಬಿಟ್ಟು ಸುತ್ತುವಾಗ ಜನ ಚಪ್ಪಾಳೆ ತಟ್ಟುತ್ತಿದ್ದರು — ನನಗೆ ಮೈಯೆಲ್ಲ ಉರಿಯುತ್ತಿತ್ತು. ನೀನು ಬೀಳಲಿ ಎಂದು ಎಷ್ಟು ಸಲ ಬಯಸಿದೆನೋ... ನೀನು ಬೀಳಲಿಲ್ಲ.

ಗಂಡನ ಏಟು ತಾಳಲಾರದೆ ಅಮ್ಮಸಂದ್ರದಿಂದ ಓಡಿಬಂದವಳು ನೀನು. ನಮ್ಮಲ್ಲಿ ನಿನ್ನ ಹೆಸರು ಮಿಸ್ ರೀಟಾ. ಕಪ್ಪು ಕನ್ನಡಕ, ತಲೆಗೆ ರುಮಾಲು. ತುರುವೇಕೆರೆಯಲ್ಲಿ ಬಿಡಾರ ಹೂಡಿದ ದಿನ ನನ್ನೊಬ್ಬನ ಹತ್ತಿರ ಬಂದು ಹೇಳಿದೆ: "ಇದು ನಮ್ ಕಡೆ ಸೀಮೆ ಕಣಣ್ಣ. ನನ್ ಹೆಸರು ಮಾತ್ರ ಬಾಯಿಗೆ ತರಬ್ಯಾಡಿ."

ಮಾತು ಕೊಟ್ಟೆ.

ನಾಲ್ಕನೆಯ ದಿನ, ಮಧ್ಯಾಹ್ನದ ಆಟಕ್ಕೆ ಕೂಗಿದೆ — "ಅಮ್ಮಸಂದ್ರದ ಗಿರಿಜಾ ಕಣ್ರೀ, ನಿಮ್ಮೂರ ಹೆಣ್ಣೇ, ಬನ್ನಿ ನೋಡಿ."

ಮಾರನೆಯ ದಿನವೇ ನಿನ್ನ ಗಂಡನೂ ಅಣ್ಣನೂ ಬಂದರು. ಆಟ ಮುಗಿಯುವ ತನಕ ಬಾವಿಯ ಅಂಚಿನಲ್ಲಿ ಜನರ ನಡುವೆ ಮೇಲೆ ನಿಂತು ನೋಡಿದರು. ಆಮೇಲೆ ಕೆಳಗಿನ ಬಾಗಿಲಿನಿಂದ ಒಳಗೆ ನುಗ್ಗಿ, ಜಡೆ ಹಿಡಿದು ಎಳೆದರು. ನೀನು ತಲೆ ಎತ್ತಿ, ಮೇಲೆ ಮೈಕಿನ ಮುಂದಿದ್ದ ನನ್ನನ್ನು ಕೂಗಿದೆ. ನಾನು ಸ್ಪೀಕರಿನಲ್ಲಿ ಹಾಕಿದ್ದ ಹಾಡಿನ ಸದ್ದು ಜಾಸ್ತಿ ಮಾಡಿದೆ.

ಇದನ್ನು ಯಾರಿಗೂ ಹೇಳಿಲ್ಲ. ಬಾಯಿತಪ್ಪಿತು ಎಂದು ಮಾಲೀಕನ ಮುಂದೆ ನಾನು ಅತ್ತದ್ದನ್ನು ಮಾತ್ರ ಎಲ್ಲರೂ ನೋಡಿದರು. ಅವರು ನಿನ್ನನ್ನು ಎಳೆದೊಯ್ದ ಮೇಲೆ ಬೈಕ್ ಖಾಲಿ ನಿಂತಿತ್ತು — ನನ್ನ ಕಾಲಿಗೆ ಅದು ಮತ್ತೆ ದಕ್ಕಲೂ ಇಲ್ಲ.

ಹನ್ನೊಂದು ವರ್ಷದ ಮೇಲೆ, ಹೋದ ವಾರ, ತುರುವೇಕೆರೆ ಸಂತೆಯಲ್ಲಿ ನೀನೇ ನನ್ನ ಗುರುತು ಹಿಡಿದೆ. ಎಡಗಿವಿ ಕೇಳಿಸುವುದಿಲ್ಲ ಎಂದು ನನ್ನನ್ನು ಬಲಗಡೆಗೆ ಕರೆದೆ. ಅವತ್ತಿನ ಏಟಿಗೆ ಹೋದ ಕಿವಿಯಂತೆ. "ನೀವೇನ್ ಬೇಕಂತ ಹೇಳುದ್ರಾ ಅಣ್ಣ? ಬಾಯ್ತಪ್ಪಿ ಬಂತು, ಬುಡಿ" ಅಂದೆ.

ನಾನು ಹೌದೆಂದು ತಲೆಯಾಡಿಸಿದೆ.

ಕಾಗದ ಬರೆದರೆ ನಿನ್ನ ಗಂಡನ ಕೈಗೆ ಸಿಕ್ಕೀತು, ಮತ್ತೆ ನೀನೇ ಏಟು ತಿನ್ನಬೇಕು. ಬರುವ ಸಂತೆಗೆ ನಾನೇ ಬರುತ್ತೇನೆ. ಹೆಸರು ಕೂಗಿದ್ದನ್ನೂ ಹೇಳುತ್ತೇನೆ, ಹಾಡು ಜೋರು ಮಾಡಿದ್ದನ್ನೂ ಹೇಳುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ.