ಎಣ್ಣೆ ಕುಡಿದ ಹಲಗೆ

ಕೋವಿಡ್ ಕಳೆದ ಮರುವರ್ಷ ನಾನು ಕಾಪುವಿನಲ್ಲಿ ಫೈಬರ್ ದೋಣಿ ತಯಾರಿಸುವ ಒಂದು ವರ್ಕ್‌ಶಾಪಿನ ಎಂಜಿನಿಯರ್ ಆಗಿದ್ದೆ. ಮಣಿಪಾಲದಲ್ಲಿ ಓದಿದವನು, ಒಂದು ಕೆಲಸದಲ್ಲಿ ಹೆಚ್ಚು ಕಾಲ ನಿಂತವನಲ್ಲ. ಅಲ್ಲಿಯ ಕೆಲಸಗಳಲ್ಲಿ ಈಗಲೂ ನೆನಪಾಗುವುದು ಒಂದು ಹಳೆಯ ಜೀಪು.

ಅದನ್ನು ತಂದವನು ದಿನೇಶ, ಕಾರ್ಕಳದಲ್ಲಿ ಗ್ಯಾರೇಜ್ ಇಟ್ಟುಕೊಂಡವನು. ಅವನ ತಮ್ಮ ಸುಧಾಕರ ಎರ್ಮಾಳಿನಲ್ಲಿ ತಾಯಿಯೊಂದಿಗಿದ್ದು ಮೀನು ಹಿಡಿಯುತ್ತಿದ್ದ, ಕೋವಿಡ್‌ನಲ್ಲಿ ತೀರಿಕೊಂಡ. ತಾಯಿ ಗಿರಿಜಕ್ಕನನ್ನು ಕಾರ್ಕಳಕ್ಕೆ ಕರೆದೊಯ್ಯಲು ದಿನೇಶ ಬಂದಾಗ ಆಕೆ ಕೇಳಿದ್ದು ಒಂದೇ ಮಾತು: "ದೋಣಿಯನ್ನು ಯಾರ ಹತ್ತಿರ ಬಿಟ್ಟು ಬರಲಿ?" ಸುಧಾಕರನ ಮರದ ದೋಣಿ ದಡದಲ್ಲಿ ಕವುಚಿ ಬಿದ್ದಿತ್ತು. ಅದರ ಹಲಗೆಗಳಿಂದಲೇ ಜೀಪಿಗೆ ಹಿಂಬದಿಯ ಬಾಡಿ ಕಟ್ಟಿಸಿ, ಅದರಲ್ಲೇ ಕೂರಿಸಿಕೊಂಡು ಹೋಗುತ್ತೇನೆಂದು ದಿನೇಶ ಮಾತು ಕೊಟ್ಟ.

ಮರದ ಮೇಲೆ ಗಾಜಿನ ನೂಲಿನ ಬಟ್ಟೆ ಹಾಸಿ ಎಪಾಕ್ಸಿ ರೆಸಿನ್ ಎಂಬ ಅಂಟು ಹಚ್ಚಿದರೆ, ಗಟ್ಟಿಯಾದ ಮೇಲೆ ಅದೊಂದು ಪಾರದರ್ಶಕ ಕವಚ; ಫೈಬರ್ ಎನ್ನುವುದು ಅದನ್ನೇ. ಮರ ಕಾಣುತ್ತದೆ, ಮಳೆ ತಾಗುವುದಿಲ್ಲ. ನಮ್ಮ ದೋಣಿಗಳಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ಮರಕ್ಕೆ ಅಷ್ಟಾಗಿ ಹಿಡಿಯುವುದಿಲ್ಲವೆಂದು ಎಪಾಕ್ಸಿಯನ್ನೇ ತರಿಸಿದ್ದೆ. ಆದರೂ ಮೊದಲ ಹಲಗೆಯ ಫೈಬರ್ ಹಲಸಿನ ಹಪ್ಪಳದಂತೆ ಎದ್ದು ಬಂತು. ದೋಣಿಗೆ ವರ್ಷವರ್ಷ ಬಳಿದ ಮೀನೆಣ್ಣೆ ಒಳಗಿಂದ ಮೇಲೆ ಬರುತ್ತಿದೆ ಎಂದುಕೊಂಡೆ. ಎಣ್ಣೆ ಕರಗಿಸುವ ಅಸಿಟೋನಿನಲ್ಲಿ ಒರೆಸಿ, ಸ್ಯಾಂಡ್ ಪೇಪರಿನಿಂದ ಉಜ್ಜಿ, ತೇವಾಂಶ ಅಳೆದು ಪುನಃ ಹಚ್ಚಿದೆವು. ಪುನಃ ಎದ್ದಿತು.

"ಸರ್, ನಿಮ್ಮ ಡಿಗ್ರಿಗಿಂತ ಪೋಸ್ಟ್ ಆಫೀಸಿನ ಗೋಂದು ಗಟ್ಟಿ ಉಂಟು ಅಂತ ಕಾಣ್ತದೆ," ಎಂದ ದಿನೇಶ. ನಕ್ಕ, ಆದರೆ ಮುಖ ಸಪ್ಪಗಿತ್ತು.

ಗಿರಿಜಕ್ಕ ದಿನವೂ ಎರ್ಮಾಳಿನಿಂದ ಬಸ್ಸಿನಲ್ಲಿ ಬಂದು ಹಲಗೆಗಳ ಬಳಿ ಕೂರುತ್ತಿದ್ದರು. ಒಂದು ಮಧ್ಯಾಹ್ನ ಊಟಕ್ಕೆ ಹೋದವನು ಬೇಗ ಮರಳಿದೆ. ಆಕೆ ಬಟ್ಟೆಯ ತುಂಡಿಗೆ ಬಾಟಲಿಯಿಂದ ಮೀನೆಣ್ಣೆ ಸುರಿದು ಹಲಗೆಗೆ ತಿಕ್ಕುತ್ತಿದ್ದರು. ವರ್ಕ್‌ಶಾಪಿನ ರೆಸಿನ್ ವಾಸನೆಯಲ್ಲಿ ಆ ವಾಸನೆ ಅಷ್ಟು ದಿನ ನಮಗಾರಿಗೂ ತಿಳಿದಿರಲಿಲ್ಲ.

"ಎಂತ ಮಾಡ್ತಾ ಇದ್ದೀರಿ ಅಮ್ಮ?"

"ನೀವು ಉಜ್ಜಿ ಉಜ್ಜಿ ಒಣಗಿಸ್ತೀರಿ ಅಲ್ವಾ ಮಗಾ. ಮರ ಬಿಳಿಚಿಕೊಂಡಿದೆ ನೋಡಿ. ಅವನು ಒಂದು ಮಳೆಗಾಲಕ್ಕೂ ಎಣ್ಣೆ ಕೊಡದೆ ಬಿಟ್ಟವನಲ್ಲ."

"ಎಣ್ಣೆ ಇದ್ದರೆ ಫೈಬರ್ ಹಿಡಿಯುವುದಿಲ್ಲ."

"ಹಿಡಿಯದಿದ್ದರೆ ಬೇಡ. ಮರ ಒಡೆದರೆ ಅವನಿಗೆ ನಾನು ಎಂತ ಹೇಳಲಿ?"

ಆಕೆ ಮಾತಾಡಿದ್ದು ತುಳುವಿನಲ್ಲಿ. ಇಷ್ಟೆಲ್ಲ ಹೇಳಿದರೋ, ನಾನೇ ಆಮೇಲೆ ಜೋಡಿಸಿಕೊಂಡೆನೋ ಖಚಿತವಿಲ್ಲ. ನನ್ನ ಹಿಂದೆಯೇ ಒಳಗೆ ಬಂದಿದ್ದ ದಿನೇಶ, ಅಮ್ಮ ಅಂದು ಅತ್ತದ್ದು ಮಾತ್ರ, ಮಾತೇ ಆಡಲಿಲ್ಲ ಎನ್ನುತ್ತಾನೆ. ಅತ್ತದ್ದು ನನಗೆ ನೆನಪಿಲ್ಲ.

ಫೈಬರ್ ಕೈಬಿಟ್ಟೆವು. ಹಲಗೆಗಳನ್ನು ಹಾಗೆಯೇ ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿದೆವು. ಗಿರಿಜಕ್ಕ ಎಣ್ಣೆಯ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಅದೇ ಜೀಪಿನಲ್ಲಿ ಕಾರ್ಕಳಕ್ಕೆ ಹೋದರು.

ಕಳೆದ ವರ್ಷ ದಿನೇಶ ಫೋನ್ ಮಾಡಿ, ಜೀಪು ನೋಡಲು ಬರಬೇಕೆಂದ. ಹೋದೆ. ಗ್ಯಾರೇಜಿನ ಹಿಂದೆ ನಿಂತಿದ್ದ ಜೀಪಿನ ಹಲಗೆ ಮುಟ್ಟಿದೆ. ಅಂಗೈಗೆ ಬೂದಿಬಣ್ಣದ ಪುಡಿ ಹತ್ತಿತು. ಸಣ್ಣ ಬಿರುಕುಗಳೂ ಇದ್ದವು.

"ಅಮ್ಮ?" ಎಂದೆ.

"ಹೋದ ಮಳೆಗಾಲಕ್ಕೆ ಮೊದಲೇ ಹೋದರು ಸರ್." ಒಂದು ಬಿರುಕಿನ ಮೇಲೆ ಬೆರಳು ಎಳೆದ. "ಈಗ ಫೈಬರ್ ಹಿಡಿಯಬಹುದಾ?"

ಪುಡಿಯನ್ನು ಉಜ್ಜಿ ತೆಗೆದು ಮೂಲೆಯಲ್ಲಿ ಫೈಬರಿನ ಒಂದು ತುಂಡು ಅಂಟಿಸಿ, ಗಟ್ಟಿಯಾದ ಮೇಲೆ ಕಿತ್ತು ನೋಡಿದೆ. ಮರದ ನಾರೂ ಅದರ ಜೊತೆ ಸೀಳಿ ಬಂತು. ಅಂಟು ಬಿಡದೆ ಮರವೇ ಸೀಳುವುದು ಒಳ್ಳೆಯ ಜೋಡಣೆಯ ಗುರುತು ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಎಲ್ಲ ಹಲಗೆಗಳಿಗೂ ಫೈಬರ್ ಹಾಕಿದೆವು.

ಈಗ ಯಾವ ಹಳೆಯ ಮರ ಕೈಗೆ ಬಂದರೂ, ತೇವಾಂಶ ಅಳೆಯುವ ಮೊದಲು, ಇದನ್ನು ಯಾರು ಮುಟ್ಟುತ್ತಿದ್ದರು ಎಂದು ಕೇಳುತ್ತೇನೆ. ಆ ಉದ್ಯೋಗದಿಂದ ನಾನು ಕಲಿತದ್ದು ಅಷ್ಟೇ. ದಿನೇಶನ ಜೀಪಿಗೆ ಹಾಕಿದ ಫೈಬರ್ ಈವರೆಗೆ ಎಲ್ಲಿಯೂ ಎದ್ದಿಲ್ಲ.