ಹಿಂದೆ ಹೋದ ಇಪ್ಪತ್ತು ನಿಮಿಷ

ನಾನು ಚಿಕ್ಕವಳಿದ್ದಾಗ ಮೀಂಜ ಎಂಬ ಊರಿನ ನಮ್ಮ ಮನೆಯ ಗೋಡೆ ಗಡಿಯಾರಕ್ಕೆ ಒಂದು ವಿಚಿತ್ರ ರೋಗ ಅಂಟಿಕೊಂಡಿತ್ತು. ಬೆಳಿಗ್ಗೆ ಗುಡ್ಡದಾಚೆಯ ಇಗರ್ಜಿಯಲ್ಲಿ ಆರರ ಗಂಟೆ ಬಾರಿಸಿದಾಗ ಅದೂ ಸರಿಯಾಗಿ ಆರು ತೋರಿಸುತ್ತಿತ್ತು. ಸಂಜೆ ಏಳರ ಗಂಟೆ ಬಾರಿಸಿದಾಗ ಮಾತ್ರ ಆರು ನಲವತ್ತರಲ್ಲೇ ಇರುತ್ತಿತ್ತು. ಹಗಲು ಹಿಂದೆ ಬಿದ್ದು ರಾತ್ರಿ ತಾನಾಗಿ ಸರಿಹೋಗುವ ಗಡಿಯಾರವನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಯಾರೋ ಮುಳ್ಳು ತಿರುಗಿಸುತ್ತಿದ್ದಾರೆ ಎಂದು ನನಗೆ ಸಂಶಯ ಬಂತು.

ನಮ್ಮದು ಕ್ರೈಸ್ತರ ಮನೆ. ಸಂಜೆ ಏಳಕ್ಕೆ ಎಲ್ಲರೂ ಮೊಣಕಾಲೂರಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ ಮಾಡಬೇಕು. ಆಮೇಲೆ ಊಟ, ಊಟವಾದ ಕೂಡಲೇ ದೀಪ ಆರಿಸುವುದು. ಇದು ಅಜ್ಜಿಯ ಕಾನೂನು, ಅಪ್ಪನೂ ಎದುರಾಡುತ್ತಿರಲಿಲ್ಲ. ಅಜ್ಜಿಗೆ ಕಿವಿ ಮಂದ, ಇಗರ್ಜಿಯ ಗಂಟೆ ಕೇಳುತ್ತಿರಲಿಲ್ಲ. ಕಣ್ಣು ಮಾತ್ರ ಚುರುಕು. ಗಡಿಯಾರ ನೋಡಿಯೇ ಎಲ್ಲರನ್ನೂ ಕರೆಯುತ್ತಿದ್ದರು. ತೇರ್ಸಿಗೆ ಮೊದಲು ಅಪ್ಪ ನಮ್ಮನ್ನು ಒಬ್ಬೊಬ್ಬರಾಗಿ ಕೇಳುತ್ತಿದ್ದರು: "ದೇವರು ಕೊಟ್ಟ ಇವತ್ತಿನ ದಿನವನ್ನು ಎಂತ ಮಾಡಿದೆ?" ಹೇಳಲು ಏನಾದರೊಂದು ಇರಲೇಬೇಕಿತ್ತು.

ನನ್ನ ಸಂಶಯವೆಲ್ಲ ಅಕ್ಕನ ಮೇಲೆ. ಅವಳು ಹತ್ತನೆಯ ತರಗತಿ. ಶಾಲೆಯಿಂದ ಬಂದು ಅಮ್ಮನ ಜೊತೆ ಬೀಡಿ ಕಟ್ಟಲು ಕುಳಿತರೆ ಆರರವರೆಗೆ ಏಳುವಂತಿರಲಿಲ್ಲ. ಆರರಿಂದ ಏಳರವರೆಗಿನ ದೀಪದ ಬೆಳಕಷ್ಟೇ ಅವಳ ಓದಿಗೆ. "ಫೇಲಾದರೆ ಮತ್ತೆ ಶಾಲೆ ಇಲ್ಲ, ಬೀಡಿಯೇ ಗತಿ" ಎಂದು ಅಜ್ಜಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಹಾಗಾದರೆ ಇಪ್ಪತ್ತು ನಿಮಿಷ ಹೆಚ್ಚು ಸಿಕ್ಕಿದರೆ ಲಾಭ ಯಾರಿಗೆ? ಹೊಟ್ಟೆ ಚುರುಗುಟ್ಟಿಸಿಕೊಂಡು ಊಟಕ್ಕೆ ಕಾಯುವವರು ಯಾರು? ನಾನು!

ಒಂದು ಶನಿವಾರ ಕಳ್ಳಿಯನ್ನು ಹಿಡಿದೇ ಹಿಡಿಯುತ್ತೇನೆಂದು ಹೊರಟೆ. ಅಜ್ಜಿ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಚಿಮಿಣಿ ದೀಪದ ಮಸಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ, ಸ್ಟೂಲ್ ಹತ್ತಿ, ನಿಮಿಷದ ಮುಳ್ಳಿಗೆ ಸವರಿದೆ. ಕಪ್ಪು ಮುಳ್ಳಿನ ಮೇಲೆ ಮಸಿ ಯಾರಿಗೂ ಕಾಣುವಂತಿರಲಿಲ್ಲ. ಆಮೇಲೆ ಅಕ್ಕನ ಬೆನ್ನು ಬಿಡಲಿಲ್ಲ. ಅವಳು ಕಚಕಚ ಎಂದು ಎಲೆ ಕತ್ತರಿಸುವಾಗ ಬಾಗಿಲ ಹಿಂದೆ ಕುಳಿತು, ಹೊಗೆಸೊಪ್ಪಿನ ಘಾಟಿಗೆ ಸೀನು ಬಾರದಂತೆ ಮೂಗು ಹಿಂಡಿಕೊಂಡೆ.

ಅಮ್ಮ ಗಂಜಿಯ ತೂಕುಪಾತ್ರೆ ತಂದು, "ಆಚೆ ಮನೆ ಮುದುಕಿಗೆ ಜ್ವರ ಉಂಟು ಮಗಾ, ಬಿಸಿ ಇರುವಾಗಲೇ ಕೊಟ್ಟು ಬಾ" ಎಂದರು. "ಈಗ ಹೋಗ್ತೇನೆ" ಎಂದು ಅದನ್ನು ಜಗಲಿಯ ಮೂಲೆಯಲ್ಲಿಟ್ಟೆ. ಹೋದರೆ ಅಕ್ಕನನ್ನು ಕಾಯುವವರು ಯಾರು?

ಆರು ಗಂಟೆಗೆ ಅಜ್ಜಿ ಕೋಳಿ ಮುಚ್ಚಲು ಹೋದರು, ಅಕ್ಕ ಬಾವಿಗೆ ಹೋದಳು. ನಾನೂ ಹಿಂದೆಯೇ ಹೋದೆ. "ಎಂತದು ಮಾರಾಯ್ತಿ ನಿಂದು? ಬೆಳಿಗ್ಗೆಯಿಂದ ಬಾಲದ ಹಾಗೆ!" ಎಂದು ಬೈದಳು. ನಾವು ಒಳಗೆ ಬಂದಾಗ ಅಪ್ಪ ಹೊಲಿಗೆ ಅಂಗಡಿ ಮುಚ್ಚಿ ಬಂದು ಬೆಂಚಿನ ಮೇಲೆ ಕುಳಿತಿದ್ದರು. ಅಕ್ಕ ಪುಸ್ತಕ ತೆರೆದಳು. ಇಗರ್ಜಿಯ ಏಳರ ಗಂಟೆ ಕೇಳಿಸಿತು. ಗಡಿಯಾರದಲ್ಲಿ ಆರು ನಲವತ್ತು! ಅಕ್ಕನ ಕೈ ಎಳೆದು ನೋಡಿದೆ. ಮಸಿ ಇರಲಿಲ್ಲ. ಬಾವಿಯಲ್ಲಿ ತೊಳೆದಿರಬೇಕು, ಜಾಣೆ ಎಂದುಕೊಂಡೆ. ತೇರ್ಸಿನ ಹೊತ್ತಿಗೆ ಎಲ್ಲರೆದುರು ಹೇಳಿಬಿಡುವುದೆಂದು ಕಾದೆ.

ನಮ್ಮ ಗಡಿಯಾರದಲ್ಲಿ ಏಳಾಯಿತು. ಮೊಣಕಾಲೂರಿದೆವು. ಅಪ್ಪ ಬಿಳಿ ಜಪಸರವನ್ನು ಕೈಗೆತ್ತಿಕೊಂಡರು. ಒಂದೊಂದು ಮಣಿಗೂ ಕಪ್ಪು ಮೆತ್ತುತ್ತಿತ್ತು. ಗಿರಾಕಿಗಳ ಬಿಳಿ ಬಟ್ಟೆಗೆ ಕಲೆಯಾದೀತೆಂದು ದಿನಕ್ಕೆ ಹತ್ತು ಸಲ ಕೈ ತೊಳೆಯುವ ನನ್ನ ಅಪ್ಪನ ಬೆರಳಿನಲ್ಲಿ ಮಸಿ!

"ಹೇಳು ಮಗಾ, ಇವತ್ತಿನ ದಿನವನ್ನು ಎಂತ ಮಾಡಿದೆ?"

ಅಪ್ಪ ತಮ್ಮ ಬೆರಳು ನೋಡಿಕೊಂಡರು, ಆಮೇಲೆ ನನ್ನ ಉಗುರು ನೋಡಿದರು. ಅಲ್ಲೂ ಮಸಿ ಇತ್ತು. ತೆರೆದ ಬಾಗಿಲಿನಿಂದ ಜಗಲಿಯ ಮೂಲೆ ಕಾಣುತ್ತಿತ್ತು. ತಣ್ಣಗಾದ ಗಂಜಿಯ ಪಾತ್ರೆಗೆ ಇರುವೆ ಸಾಲುಗಟ್ಟಿತ್ತು. "ಎಂತದೂ ಮಾಡ್ಲಿಲ್ಲಪ್ಪಾ" ಎಂದು ಅತ್ತುಬಿಟ್ಟೆ.

"ಎಂತ ಹೇಳಿದ್ಲು?" ಎಂದು ಅಜ್ಜಿ ಕೇಳಿದರು.

"ನಾಳೆ ಹೇಳ್ತಾಳಂತೆ ಅಮ್ಮ" ಎಂದು ಅಪ್ಪ ಗಟ್ಟಿಯಾಗಿ ಹೇಳಿ ಪ್ರಾರ್ಥನೆ ಶುರು ಮಾಡಿದರು.

ತೇರ್ಸ್ ಮುಗಿದ ಮೇಲೆ ಅಮ್ಮ ಬೇರೆ ಗಂಜಿ ಬಿಸಿಮಾಡಿ ಕೊಟ್ಟರು. ಅಪ್ಪ ಟಾರ್ಚ್ ಹಿಡಿದು ನನ್ನ ಜೊತೆ ಬಂದರು. ದಾರಿಯಲ್ಲಿ ಮೆಲ್ಲಗೆ ಹೇಳಿದರು: "ಇಪ್ಪತ್ತು ನಿಮಿಷ ಕದ್ದದ್ದು ನಾನೇ, ಅಕ್ಕನ ಓದಿಗೆ. ರಾತ್ರಿ ನೀವೆಲ್ಲ ಮಲಗಿದ ಮೇಲೆ ಮುಳ್ಳು ಸರಿ ಮಾಡಿ ಇಡ್ತೇನೆ. ದೇವರು ಕೇಳಿದ್ರೆ ನನ್ನ ಹತ್ರ ಉತ್ತರ ಉಂಟು. ನೀನು ಇಡೀ ದಿನ ಕದ್ದಿಯಲ್ಲ, ಅದು ಯಾರಿಗೆ?"

ಮುದುಕಿ ಬೆಳಗಿನಿಂದ ಏನೂ ತಿಂದಿರಲಿಲ್ಲ. "ಬಂದಿಯಾ ಮಗಾ" ಎಂದು ಎರಡೂ ಕೈಯಲ್ಲಿ ಪಾತ್ರೆ ಹಿಡಿದುಕೊಂಡರು. ಆ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

ಅಕ್ಕ ಪಾಸಾದಳು, ಮುಂದೆ ಟೀಚರೂ ಆದಳು. ಅಪ್ಪ ಮುಳ್ಳು ತಿರುಗಿಸಿದ್ದು ಅಜ್ಜಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಅಥವಾ ಗೊತ್ತಿಲ್ಲದವರ ಹಾಗೆ ಇದ್ದರೋ ಏನೋ!

ಮಕ್ಕಳೇ, ನಿಮ್ಮ ಮೊಬೈಲಿನ ಸಮಯಕ್ಕೆ ಯಾರೂ ಮಸಿ ಹಚ್ಚಲಾರರು. ಸ್ವಿಚ್ ಒತ್ತಿದರೆ ನಿಮಗೆ ಬೆಳಕು. ಆದರೂ "ಟೈಮೇ ಇಲ್ಲ ಅಜ್ಜಿ" ಎನ್ನುತ್ತೀರಿ. ನೀವು ಫೋನ್ ಹಿಡಿದು ಕುಳಿತರೆ ಓದೋ ಆಟವೋ ಎಂದು ನನಗೆ ಈಗಲೂ ಸಂಶಯವೇ. ಆದರೆ ಬಾಗಿಲ ಹಿಂದೆ ನಿಂತು ಕಾಯುವುದನ್ನು ಆ ಶನಿವಾರವೇ ಬಿಟ್ಟೆ. ಈಗ ಮನೆಯಲ್ಲಿ ತೇರ್ಸಿಗೆ ಕರೆಯುವವಳು ನಾನು. ಪರೀಕ್ಷೆಯ ದಿನಗಳಲ್ಲಿ ಮಾತ್ರ ಏಳು ಗಂಟೆಗೆ ನನ್ನ ಕನ್ನಡಕ ಸಿಗುವುದೇ ಇಲ್ಲ. ಹುಡುಕುವಷ್ಟರಲ್ಲಿ ಇಪ್ಪತ್ತು ನಿಮಿಷವಾಗುತ್ತದೆ. "ಅಜ್ಜಿ, ಕನ್ನಡಕ ನಿಮ್ಮ ತಲೆ ಮೇಲೆಯೇ ಉಂಟಲ್ಲ!" ಎಂದು ನಿನ್ನೆ ಚಿಕ್ಕವನು ಕೂಗಿದ.

ಸುಮ್ಮನಿರು ಮಾರಾಯ, ನಿನ್ನ ಅಕ್ಕ ಇನ್ನೂ ಪುಸ್ತಕ ಮುಚ್ಚಿಲ್ಲ.