ನಾಳೆಗೆ ಉಳಿದ ಗುಂಡಿ

ಗುಂಡಿ, ದಾರ ಮಾರುವ ನನ್ನ ಕಣ್ಣಿನಲ್ಲಿ ಎದುರಿನ ದರ್ಜಿ ಅಂಗಡಿಯ ಅಜ್ಜಿಯನ್ನು ಅಳೆದರೆ, ಎತ್ತಿ ಹಿಡಿದಾಗ ಎರಡು ಥಾನು ಬಟ್ಟೆಯ ತೂಕವಿಲ್ಲ. ಬಣ್ಣ ಮಾಸಿದೆ, ಸುಕ್ಕು ಇಸ್ತ್ರಿಗೆ ಬಗ್ಗುವುದಿಲ್ಲ, ಹಲ್ಲಿನ ದಾಸ್ತಾನು ಎಂದೋ ಖಾಲಿ. ನಾಲಿಗೆ ಮಾತ್ರ ಹೊಸ ಮಾಲು. ವಯಸ್ಸು ನೂರ ಹದಿನಾಲ್ಕು. ಇಷ್ಟು ಬಾಳಿಕೆ ಬರುವ ಸರಕನ್ನು ನಾನು ಮಾರಿದ್ದರೆ ಅಂಗಡಿಗೆ ಬೀಗ ಬೀಳುತ್ತಿತ್ತು. ಎರಡನೆಯದನ್ನು ಕೊಳ್ಳಲು ಯಾರು ಬರುತ್ತಾರೆ?

ದರ್ಜಿಯ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ಅವಳ ಕೈಗೆ ಸೂಜಿ ಕೊಟ್ಟಿದ್ದಳು. ಗಂಡ ಬಟ್ಟೆ ಕತ್ತರಿಸಿದ, ಅವಳು ಕಾಜಾ ಹೊಲಿದು ಗುಂಡಿ ಹಾಕಿದಳು. ಕಾಲ ಕಳೆದಂತೆ ಗಂಡ ಹೋದ, ಮಕ್ಕಳು ಹೋದರು, ಉಪ್ಪು ಬಿಡಿ ಎಂದ ಡಾಕ್ಟರುಗಳು ಒಬ್ಬೊಬ್ಬರಾಗಿ ಹೋದರು. ಉಪ್ಪು ಉಳಿಯಿತು, ಅವಳೂ ಉಳಿದಳು. ಜೊತೆಗೆ ಉಳಿದವನು ಮೊಮ್ಮಗ. ತಲೆ ಬೋಳಾಗಿ, ಮಂಡಿ ಹಿಡಿದುಕೊಂಡು ಏಳುವ ವಯಸ್ಸಾದರೂ ಅಜ್ಜಿಯ ಬಾಯಲ್ಲಿ ಅವನಿನ್ನೂ ಪಾಪು.

ಅವಳದೊಂದು ಪದ್ಧತಿಯಿತ್ತು. ಸಂಜೆ ಏಳುವಾಗ ಪಾಪುವಿನ ಕೈಲಿ ಸೂಜಿಗೆ ದಾರ ಹಾಕಿಸಿಟ್ಟು, ಒಂದು ಗುಂಡಿಯನ್ನು ಹಾಕದೆ ಉಳಿಸುತ್ತಿದ್ದಳು. “ನಾಳೆ ನನ್ನ ಎಬ್ಬಿಸೋಕೆ ಯಾರಾದ್ರೂ ಬೇಕಲ್ಲ” ಎನ್ನುತ್ತಿದ್ದಳು.

ದೇಶದಲ್ಲೇ ಹಿರಿಯಳೆಂಬ ದಾಖಲೆಪತ್ರ ಕೊಡಲು ಸಾಹೇಬರೊಬ್ಬರು ಬರುತ್ತಾರೆಂದು ತಿಳಿದದ್ದೇ ತಡ, ಪಾಪುವಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನೂಲಿನ ಚೂರುಗಳನ್ನು ಗುಡಿಸಿದ, ಚೌಕಟ್ಟು ತೂಗುಹಾಕಲು ಗೋಡೆಗೆ ಮೊಳೆ ಹೊಡೆದ. ಅಜ್ಜಿ ಉಳಿಸಿದ್ದ ಗುಂಡಿಯನ್ನೂ ಪ್ರೀತಿಯಿಂದ ತಾನೇ ಹಾಕಿ ಮುಗಿಸಿದ.

ಬೆಳಿಗ್ಗೆ ಅಜ್ಜಿ ಕೇಳಿದಳು, “ಎಲ್ಲೋ ನನ್ನ ಗುಂಡಿ?”

“ನಾನೇ ಹಾಕಿಬಿಟ್ಟೆ ಅಜ್ಜಿ. ಇವತ್ತು ನಿನಗೆ ರಜಾ.”

“ರಜಾ ಕೇಳಿದ್ದು ಯಾರು?”

ಅಷ್ಟೇ. ಗೋಡೆಗೆ ಮುಖ ಮಾಡಿ ಮಲಗಿದಳು. ಕಾಫಿ ಆರಿತು. ಗಂಜಿ ಕೆನೆಗಟ್ಟಿತು. “ಕೆಲಸ ಮುಗೀತಲ್ಲ, ಇನ್ನು ನಾನ್ಯಾಕೆ?” ಎಂದು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡಳು. ಪಾಪುವಿಗೆ ದಾಖಲೆ ಹಾಳಾಗಲಿ, ಅಜ್ಜಿ ಎದ್ದರೆ ಸಾಕು ಎನ್ನಿಸಿತು. ಅಂಗಡಿಯಲ್ಲೆಲ್ಲ ಹುಡುಕಿದ, ಗುಂಡಿ ಹಾಕಬೇಕಾದ ಬಟ್ಟೆ ಒಂದೂ ಉಳಿದಿರಲಿಲ್ಲ.

ಅಷ್ಟರಲ್ಲಿ ಸಾಹೇಬರು ಬಂದರು. ಮೈಮೇಲೆ ಒಳ್ಳೆಯ ಕೋಟು. ಪಾಪು ಅವರ ಮುಖ ನೋಡಲೇ ಇಲ್ಲ, ಕೋಟು ನೋಡಿದ. “ತಪ್ಪು ತಿಳೀಬೇಡಿ ಸಾರ್” ಎನ್ನುತ್ತಲೇ ಕತ್ತರಿ ತೆಗೆದು, ಕಚಕ್ ಕಚಕ್ ಎಂದು ಎರಡು ಗುಂಡಿ ಉದುರಿಸಿದ. ಸಾಹೇಬರು ಗಾಬರಿಯಾಗಿ ಕೋಟು ಬಿಚ್ಚಿ ಹಿಡಿದುಕೊಂಡರು.

“ಅಜ್ಜಿ, ಸಾಹೇಬರ ಗುಂಡಿ ಬಿದ್ದೋಗಿದೆ!”

ಹೊದಿಕೆ ಅಲುಗಿತು. “ಬಿದ್ದಿದ್ದಲ್ಲ ಕಣೋ ಪಾಪು, ಕತ್ತರಿಸಿದ್ದು. ನನಗೆ ಕಣ್ಣು ಮಂಜು, ಕಿವಿಯಲ್ಲ. ಕೊಡಿಲ್ಲಿ.”

ಎದ್ದು ಕೂತಳು. ಆರಿದ ಕಾಫಿಯನ್ನೇ ಕುಡಿದಳು. ಒಂದು ಗುಂಡಿ ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಎರಡನೆಯದನ್ನು ಡಬ್ಬಿಗೆ ಹಾಕಿದಳು.

“ಇದು ನಾಳೆ.”

“ನಾಳೆ ನಾನು ಊರಲ್ಲಿರಲ್ಲ ಅಜ್ಜಿ” ಎಂದರು ಸಾಹೇಬರು.

“ಕೋಟು ಇರುತ್ತಲ್ಲ!”

ಸಾಹೇಬರು ನಕ್ಕು, ಬರೀ ಶರ್ಟಿನಲ್ಲಿ ಹೊರಟರು. ಚೌಕಟ್ಟಿಗೆಂದು ಹೊಡೆದ ಮೊಳೆಗೆ ಅಜ್ಜಿ ಕೋಟು ನೇತುಹಾಕಿಸಿದಳು. ದಾಖಲೆಪತ್ರ ಹೊಲಿಗೆ ಯಂತ್ರದ ಕೆಳಗೆ ಗೋಡೆಗೆ ಒರಗಿತು, ಈಗಲೂ ಅಲ್ಲೇ ಇದೆ.

ಕೋಟನ್ನು ಅಂಚೆಯಲ್ಲಿ ಕಳಿಸುವ ಮೊದಲು ಪಾಪು ನನ್ನ ಅಂಗಡಿಗೆ ಬಂದು, ಹಳೆಯ ಅಂಗಿಯೊಂದಕ್ಕೆ ಹೊಂದುವ ಗುಂಡಿಗಳನ್ನು ಕೊಂಡು ಹೋದ. ಆ ಅಂಗಿಯಲ್ಲಿ ಅಜ್ಜಿ ನಾಳೆಗೆಂದು ಇನ್ನೂ ಒಂದು ಗುಂಡಿ ಬಾಕಿ ಉಳಿಸಿದ್ದಾಳೆ.

ನನ್ನ ಹೆಂಡತಿ ತೀರಿಕೊಂಡ ವರ್ಷ ನಾನು ಅಂಗಡಿ ಮುಚ್ಚುವ ಯೋಚನೆಯಲ್ಲಿದ್ದೆ. ಆಗಿನಿಂದ ಸಂಜೆ ಒಂದು ಪೆಟ್ಟಿಗೆಯ ಗುಂಡಿಗಳನ್ನು ವಿಂಗಡಿಸದೆ ಬಿಟ್ಟು ಮನೆಗೆ ಹೋಗುತ್ತೇನೆ, ಬೆಳಿಗ್ಗೆ ಅದಕ್ಕಾಗಿ ಬರುತ್ತೇನೆ. ಇದನ್ನು ಕಲಿತದ್ದು ಆ ಅಜ್ಜಿಯಿಂದ.